ಊರ್ಮಿಳಕ್ಕ ಮುಚ್ಚದ ಖಾತೆ

ನಮ್ಮ ಕಾರ್ಖಾನೆಯಲ್ಲಿ ಯಾರಾದರೂ ನಿವೃತ್ತರಾದರೆ ಸಂಜೆ ನಾಲ್ಕಕ್ಕೆ ಕ್ಯಾಂಟೀನಿನಲ್ಲಿ ಸಮೋಸ, ವೇಫರ್, ಒಂದು ಶಾಲು, ಒಂದು ಗೋಡೆ ಗಡಿಯಾರ. ಸಮೋಸದ ಬಿಸಿ ಆರುವ ಮೊದಲೇ ಆ ಮನುಷ್ಯನ ಲಾಗಿನ್ ಮುಚ್ಚಿರುತ್ತಿತ್ತು. ಮುಚ್ಚುತ್ತಿದ್ದವರು ಊರ್ಮಿಳಕ್ಕ. ಒಮ್ಮೆ ಡಿಸ್ಪ್ಯಾಚಿನ ಹಿರಿಯರೊಬ್ಬರು ಹೊದ್ದ ಶಾಲಿನಲ್ಲೇ ತಮ್ಮ ಕುರ್ಚಿಗೆ ಹೋಗಿ, ಮಗಳಿಗೊಂದು ಮೇಲ್ ಕಳಿಸೋಣ ಎಂದು ಕೂತರು. ಈ ಹೆಸರಿನ ಬಳಕೆದಾರರು ಇಲ್ಲ ಎಂದು ಪರದೆಯ ಮೇಲೆ ಬಂತು. ಅವರು ಅತ್ತರಂತೆ. ಊರ್ಮಿಳಕ್ಕನಿಗೆ ಹೇಳಿದಾಗ, "ಮೂರೂವರೆಗೆ ಕಳಿಸ್ಬಹುದಿತ್ತಲ್ಲ" ಎಂದು ಕೇಳಿ, ತಮ್ಮ ರಿಜಿಸ್ಟರಿನಲ್ಲಿ ತಾರೀಕು ಬರೆದು ಮುಗಿಸಿದರು.

ನಾನು ಮುರಾರಿ. ಅದೇ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಹದಿನೇಳು ವರ್ಷ ಇದ್ದೆ, ಕೊನೆಯ ಕೆಲವು ವರ್ಷ ಅದರ ಮುಖ್ಯಸ್ಥನಾಗಿ. ಕಾಗದದ ಪ್ರಕಾರ ಊರ್ಮಿಳಕ್ಕ ನನ್ನ ಕೈಕೆಳಗಿನವರು. ನಿಯಮದ ವಿಷಯ ಬಂದರೆ ನಾನೇ ಅವರ ಕೈಕೆಳಗೆ. ನನ್ನ ಸ್ವಭಾವವನ್ನೂ ಮೊದಲೇ ಹೇಳಿಬಿಡುತ್ತೇನೆ: ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿ ಅಂಟಿಸುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೆಲಸ ಮಾಡುವುದು ಒಬ್ಬರ ಹಲ್ಲುಜ್ಜುವ ಬ್ರಷ್ಷಿನಲ್ಲಿ ಇನ್ನೊಬ್ಬರು ಉಜ್ಜಿದ ಹಾಗೆ ಎಂದು ತರಬೇತಿಯಲ್ಲಿ ಹೇಳುತ್ತಿದ್ದೆ. ಹುಡುಗಿಯರು ಮುಖ ಸಿಂಡರಿಸುತ್ತಿದ್ದರು, ಚೀಟಿ ಮಾತ್ರ ಅಲ್ಲೇ ಇರುತ್ತಿತ್ತು.

ಊರ್ಮಿಳಕ್ಕ ಉಡುಪಿಯ ಕಡೆಯವರು. ಮದುವೆಯಾಗಿ ಠಾಣೆಯ ಕೋಪರಿಗೆ ಬಂದರು, ಮರುವರ್ಷವೇ, 1984ರಲ್ಲಿ, ವಾಗ್ಳೆ ಎಸ್ಟೇಟಿನ ನಮ್ಮ ವಾಲ್ವ್ ಕಾರ್ಖಾನೆಗೆ ಟೈಪಿಸ್ಟ್ ಆಗಿ ಸೇರಿದರು. ಗಂಡ ಮುಲುಂಡಿನ ಶಾಲೆಯೊಂದರಲ್ಲಿ ಗುಮಾಸ್ತ. ಒಬ್ಬಳೇ ಮಗಳು, ದಿಶಾ, ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವಳು. ಬೆಳಿಗ್ಗೆ ಸ್ಟೇಷನ್ನಿನ ಸೇತುವೆ ದಾಟಿ ಪಶ್ಚಿಮಕ್ಕೆ ಬಂದು, ಶೇರ್ ರಿಕ್ಷಾ ಹಿಡಿದು, ಎಂಟಕ್ಕೆ ಐದು ನಿಮಿಷ ಇರುವಾಗ ಕುರ್ಚಿಯಲ್ಲಿ. ಟೈಪ್‌ರೈಟರ್ ಹೋಯಿತು, ಟೆಲೆಕ್ಸ್ ಹೋಯಿತು, ಊರ್ಮಿಳಕ್ಕ ಹೋಗಲಿಲ್ಲ. 2001ರಲ್ಲಿ ಕಂಪನಿ ದೊಡ್ಡ ಸಾಫ್ಟ್‌ವೇರ್ ಕೊಂಡಾಗ, ಯಾರಿಗೆ ಲಾಗಿನ್ ಕೊಡಬೇಕು, ಯಾರದ್ದನ್ನು ಮುಚ್ಚಬೇಕು ಎಂಬ ಪಟ್ಟಿ ಇಡಲು ಒಬ್ಬರು ಬೇಕಾಯಿತು. ಅದರಲ್ಲಿ ಹೆಸರೂ ಇಲ್ಲ, ಬಡ್ತಿಯೂ ಇಲ್ಲ ಎಂದು ಉಳಿದವರೆಲ್ಲ ಜಾರಿಕೊಂಡರು. ಕೆಲಸ ಊರ್ಮಿಳಕ್ಕನ ಪಾಲಿಗೆ ಬಂತು.

ಅವರು ಕೆಂಪು ರಟ್ಟಿನ ಒಂದು ಉದ್ದ ರಿಜಿಸ್ಟರ್ ತಂದರು. ಹೆಸರು, ಯಾವ ಸಾಫ್ಟ್‌ವೇರು, ತೆರೆದ ತಾರೀಕು, ಮುಚ್ಚಿದ ತಾರೀಕು, ಸಹಿ. ಈಮೇಲಿಗೊಂದು ಪಾಸ್‌ವರ್ಡ್, ಸ್ಟೋರ್ಸಿಗೊಂದು, ಸಂಬಳದ ಚೀಟಿಗೊಂದು, ಡ್ರಾಯಿಂಗಿಗೊಂದು, ರಜೆಗೊಂದು. ತೊಂಬತ್ತು ದಿನಕ್ಕೊಮ್ಮೆ ಎಲ್ಲವನ್ನೂ ಬದಲಿಸಬೇಕು. ಸೋಮವಾರ ಬೆಳಿಗ್ಗೆ ಮೂವತ್ತು ಜನ ಮರೆತು ಫೋನು ಮಾಡುತ್ತಿದ್ದರು. ಮರಾಠಿ ಕೆಲಸಗಾರರು ಅವರನ್ನು ಪಾಸ್‌ವರ್ಡ್‌ವಾಲಿ ಬಾಈ ಎಂದು ಕರೆಯುತ್ತಿದ್ದರು. ಜನರಲ್ ಮ್ಯಾನೇಜರೇ ಇರಲಿ, ಸ್ವತಃ ಎದುರಿಗೆ ಬಂದು ಗುರುತಿನ ಕಾರ್ಡು ತೋರಿಸದೆ ಹೊಸ ಪಾಸ್‌ವರ್ಡ್ ಸಿಗುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಆ ರಿಜಿಸ್ಟರಿನಲ್ಲಿ ಆರುನೂರಕ್ಕೂ ಹೆಚ್ಚು ಹೆಸರು ತೆರೆದು ಮುಚ್ಚಿಹೋದವು. ಮುಚ್ಚಬೇಕಾಗಿದ್ದು ಮುಚ್ಚದೆ ಉಳಿದದ್ದು ಒಂದೇ ಒಂದು. ನಾನು ಹೇಳಹೊರಟದ್ದು ಆ ಒಂದರ ಕತೆ.

ಅದು ಸ್ಟೋರ್ಸಿನ ವಿಷ್ಣುಮೂರ್ತಿಯವರದ್ದು. ಸ್ಟೋರ್ಸ್ ಎಂದರೆ ಬಂದ ಮಾಲು ಲಾರಿಯಿಂದ ಇಳಿದು, ಎಣಿಕೆಯಾಗಿ, ಕಂಪ್ಯೂಟರಿಗೆ ಏರುವ ಜಾಗ. ಅಲ್ಲಿ ಏರದ ಒಂದು ಬೋಲ್ಟು ಕೂಡ ಒಳಗೆ ಹೋಗುವಂತಿಲ್ಲ. 2004ರ ಜೂನ್ ಮೂವತ್ತಕ್ಕೆ ವಿಷ್ಣುಮೂರ್ತಿಯವರು ನಿವೃತ್ತರಾದರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಶಾಲು ಹೊದೆಸುವ ಮೊದಲೇ ತಮ್ಮ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಊರ್ಮಿಳಕ್ಕನ ಕೈಗೆ ಕೊಟ್ಟು, "ಇದನ್ನು ಇವತ್ತೇ ಮುಚ್ಚಿಬಿಡಿ" ಎಂದರು. ಆಮೇಲೆ ಕಲ್ಯಾಣದಲ್ಲಿ ಮಗನ ಮನೆಗೆ ಹೋದರು.

ಮರುದಿನ ಅವರ ಜಾಗಕ್ಕೆ ಗುತ್ತಿಗೆದಾರನ ಮೂಲಕ ಜಯಶೀಲ ಬಂದ. ಮೂವತ್ತನಾಲ್ಕರ ಪ್ರಾಯ, ಡೊಂಬಿವಲಿಯಲ್ಲಿ ಮನೆ. ಹನ್ನೆರಡು ವರ್ಷ ಡೊಂಬಿವಲಿ ಸ್ಟೇಷನ್ನಿನ ಎದುರು ಸಂಬಂಧಿಕರ ಹೋಟೆಲಿನ ಗಲ್ಲೆಯಲ್ಲಿ ಕೂತವನು. ಹೋಟೆಲು ಕೈಬದಲಾಗಿ ಮೊಬೈಲ್ ಅಂಗಡಿಯಾಯಿತು, ಇವನು ಕೆಲಸ ಹುಡುಕಿಕೊಂಡು ನಮ್ಮಲ್ಲಿಗೆ ಬಂದ. ಆ ದಿನ ಧಾರಾಕಾರ ಮಳೆ. ಹೊರಗೆ ನಾಲ್ಕು ಲಾರಿ ನಿಂತಿವೆ, ಒಳಗೆ ಇವನಿಗೆ ಲಾಗಿನ್ ಇಲ್ಲ. ಹೊಸ ಹೆಸರಿಗೆ ಪುಣೆಯ ಹೆಡ್ಡಾಫೀಸಿನ ಅಪ್ಪಣೆ ಬೇಕು. ಅದು ಬರಲು ಎಷ್ಟು ದಿನವೋ ದೇವರಿಗೇ ಗೊತ್ತು. ಅವನು ಊರ್ಮಿಳಕ್ಕನ ಮೇಜಿನ ಎದುರು ಬಂದು ನಿಂತು, ಉಡುಪಿ ಕಡೆಯ ಕನ್ನಡದಲ್ಲಿ, "ಅಕ್ಕ, ಎಂತ ಮಾಡುದು ಈಗ?" ಎಂದು ಕೇಳಿದ.

ಊರ್ಮಿಳಕ್ಕ ಲಕೋಟೆ ಹರಿದರು. "ಹದಿನೈದು ದಿವಸ. ಅಷ್ಟರಲ್ಲಿ ನಿನ್ನ ಹೆಸರು ಬರ್ತದೆ. ಯಾರ ಹತ್ರವೂ ಹೇಳ್ಬೇಡ" ಎಂದರು.

ನಮ್ಮ ಊರಿನವನೆಂದು ಕೊಟ್ಟದ್ದಲ್ಲ, ಲಾರಿ ನಿಂತಿತ್ತೆಂದು ಕೊಟ್ಟದ್ದು ಎಂದು ಅವರು ಆಮೇಲೆ ನನ್ನ ಹತ್ತಿರ ಹೇಳಿದರು. ನಾನು ನಂಬುವುದಿಲ್ಲ. ಭುಸಾವಳದವನೊಬ್ಬ ಬಂದು ಮರಾಠಿಯಲ್ಲಿ ಕೇಳಿದ್ದರೆ, ಪುಣೆಗೆ ಪತ್ರ ಬರಿ, ಉತ್ತರ ಬರುವವರೆಗೆ ಕಾದಿರು ಎನ್ನುತ್ತಿದ್ದರು. ಪರವೂರಿನಲ್ಲಿ ಮನೆಯ ಭಾಷೆ ಕಿವಿಗೆ ಬಿದ್ದರೆ ನಮ್ಮವರು ಮಾಡುವ ಎಡವಟ್ಟುಗಳಿಗೆ ಲೆಕ್ಕವಿಲ್ಲ. ನಾನೂ ಮಾಡಿದ್ದೇನೆ, ಅದು ಇಲ್ಲಿ ಬೇಡ.

ಪುಣೆ ಎರಡು ಪತ್ರ ಕಳೆದುಹಾಕಿತು. ಮೂರನೆಯದಕ್ಕೆ, ಗುತ್ತಿಗೆಯವರಿಗೆ ಲಾಗಿನ್ ಕೊಡುವ ಪದ್ಧತಿ ಇಲ್ಲ ಎಂದು ಒಂದು ಸಾಲು ಉತ್ತರ ಬಂತು. ಅಷ್ಟರಲ್ಲಿ ಮೂರು ತಿಂಗಳು ಕಳೆದು, ತೊಂಬತ್ತನೆಯ ದಿನ ವಿಷ್ಣುಮೂರ್ತಿಯವರ ಪಾಸ್‌ವರ್ಡ್ ಬದಲಿಸುವ ಹೊತ್ತಾಗಿತ್ತು. ಜಯಶೀಲ ಬಂದು ಮೇಜಿನ ಬಳಿ ನಿಂತ. ಊರ್ಮಿಳಕ್ಕ ಬದಲಿಸಿ ಕೊಟ್ಟರು. ಹದಿನೈದು ದಿನ ಹನ್ನೊಂದು ವರ್ಷವಾದದ್ದು ಹೀಗೆ.

ಈ ನಡುವೆ ಅವರಿಬ್ಬರಿಗೂ ಒಂದು ಜಗಳವಿತ್ತು. ಹೋಟೆಲಿನ ಗಲ್ಲೆಯಲ್ಲಿ ಕೂತವರು ದಿನದ ಪುಟದ ತಲೆಗೆ ಶ್ರೀ ಬರೆಯದೆ ಕೆಳಗೆ ಒಂದಕ್ಷರ ಬರೆಯುವುದಿಲ್ಲ. ಜಯಶೀಲನ ಕೈಗೆ ಅದು ಹತ್ತಿಹೋಗಿತ್ತು. ಕಂಪ್ಯೂಟರಿನಲ್ಲಿ ಪುಟದ ತಲೆ ಎಲ್ಲಿದೆ? ಅವನು ಮೊದಲ ದಿನವೇ ಬೋಲ್ಟು, ಗ್ಯಾಸ್ಕೆಟ್ಟುಗಳ ಪಟ್ಟಿಗೆ ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಎಂಬ ಹೊಸ ಮಾಲನ್ನು ಸೇರಿಸಿ, ಬೆಳಗಿನ ಮೊದಲ ದಾಖಲೆಯಾಗಿ ಅದನ್ನು ಏರಿಸಿದ. ಎಷ್ಟು ಎಂದು ಸಾಫ್ಟ್‌ವೇರ್ ಕೇಳಿತು. ಒಂದು ಎಂದು ಹಾಕಿದ. ತಿಂಗಳ ಕೊನೆಗೆ ದಾಸ್ತಾನು ನೋಡಲು ಬಂದ ಆಡಿಟರು, ಪಟ್ಟಿಯಲ್ಲಿ ಶ್ರೀ ಇಪ್ಪತ್ತಾರು ಇದೆ, ಯಾವ ರ‍್ಯಾಕಿನಲ್ಲಿ ಇಟ್ಟಿದ್ದೀರಿ, ತೋರಿಸಿ ಎಂದರು.

ವಿಷಯ ತಿಳಿದು ಆಡಿಟರು ನಕ್ಕರು. ಊರ್ಮಿಳಕ್ಕ ನಗಲಿಲ್ಲ.

"ಇದೆಂತ ಕಸ ತುಂಬಿಸಿದ್ದು ಮಾರಾಯ? ನಾಳೆಯಿಂದ ಬೇಡ."

"ಅಕ್ಕ, ಅದು ಬರೀದೆ ಸುರು ಮಾಡ್ಲಿಕ್ಕೆ ಕೈಯೇ ಬರುದಿಲ್ಲ."

"ಮನಸ್ಸಲ್ಲಿ ಬರಿ."

"ಮನಸ್ಸಲ್ಲಿ ಬರೆದ್ರೆ ಲಾರಿಯೂ ಮನಸ್ಸಲ್ಲೇ ಇಳೀತದೆ."

ಕೊನೆಗೆ ರಾಜಿಯಾಯಿತು. ಶ್ರೀ ಹಾಕಬಹುದು, ಸಂಖ್ಯೆ ಸೊನ್ನೆ ಇರಬೇಕು. ಸೊನ್ನೆಯಾದರೆ ದಾಸ್ತಾನು ಏರುವುದಿಲ್ಲ, ಆಡಿಟರು ಕೇಳುವುದಿಲ್ಲ. ಹಾಗೆ ದಿನಕ್ಕೊಂದು ಸೊನ್ನೆಯ ಸಾಲು ಬೀಳತೊಡಗಿತು. ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡಿಗೆ ಬಂದಾಗಲೆಲ್ಲ ಊರ್ಮಿಳಕ್ಕ, "ನಿನ್ನ ಕಸ ಇನ್ನೂ ನಿಂತಿಲ್ಲ" ಎಂದು ಗೊಣಗುವುದು, ಅವನು ಸುಮ್ಮನೆ ನಗುವುದು, ಇಷ್ಟೇ. ಕಸವೆಂದರೆ ಅವರಿಗೆ ನಿಜವಾಗಿಯೂ ಆಗುತ್ತಿರಲಿಲ್ಲ.

ವರ್ಷಗಳು ಸರಿದವು. ಗುತ್ತಿಗೆದಾರರು ಮೂರು ಸಲ ಬದಲಾದರು. ಗುತ್ತಿಗೆದಾರನ ಹೆಸರು ಬದಲಾದರೆ ಕೆಲಸಗಾರನ ಹಳೆಯ ಸೇವೆ ಕಡಿದುಹೋಗುತ್ತದೆ, ಯಾರೂ ಕಾಯಂ ಮಾಡಿ ಎಂದು ಕೇಳುವಂತಿಲ್ಲ, ಬದಲಾಗುವುದೇ ಅದಕ್ಕಾಗಿ. ಜಯಶೀಲನ ಗೇಟ್ ಕಾರ್ಡು ಹಳದಿ ಇದ್ದದ್ದು ನೀಲಿಯಾಯಿತು, ಆಮೇಲೆ ಹಸಿರು. ಮೇಜು ಅದೇ, ಲಾರಿ ಅವೇ, ಕಂಪ್ಯೂಟರಿನಲ್ಲಿ ಹೆಸರು ವಿಷ್ಣುಮೂರ್ತಿ. 2011ರಲ್ಲಿ ವಿಷ್ಣುಮೂರ್ತಿಯವರು ಕಲ್ಯಾಣದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿಬಂದ ಜಯಶೀಲ ಮರುದಿನ ಅವರ ಹೆಸರಿನಲ್ಲೇ ಲಾಗಿನ್ ಆಗಿ ಹನ್ನೆರಡು ಪೆಟ್ಟಿಗೆ ಗ್ಯಾಸ್ಕೆಟ್ ಇಳಿಸಿಕೊಂಡ.

2013ರಲ್ಲಿ ಕಂಪ್ಯೂಟರ್ ವಿಭಾಗ ಐರೋಲಿಯ ಹೊಸ ಆಫೀಸಿಗೆ ಹೋಯಿತು, ನಾನೂ ಹೋದೆ. ಊರ್ಮಿಳಕ್ಕ ರಿಜಿಸ್ಟರಿನೊಂದಿಗೆ ವಾಗ್ಳೆ ಎಸ್ಟೇಟಿನಲ್ಲೇ ಉಳಿದರು. ಮರುವರ್ಷ ನಾನು ಸಿಂಗಲ್ ಸೈನ್ ಆನ್ ತರಲು ಹೊರಟೆ. ಐದಾರು ಪಾಸ್‌ವರ್ಡಿನ ಬದಲು ಒಂದೇ. ಬೆಳಿಗ್ಗೆ ಒಮ್ಮೆ ಲಾಗಿನ್ ಆದರೆ ಈಮೇಲು, ಸ್ಟೋರ್ಸು, ರಜೆ, ಸಂಬಳ ಎಲ್ಲ ಬಾಗಿಲೂ ತೆರೆಯುತ್ತದೆ. ಆದರೆ ಆ ಒಂದು ಹೆಸರು ನೌಕರಿ ವಿಭಾಗ ಕೊಟ್ಟ ನಂಬರಿಗೆ ಗಂಟುಬಿದ್ದಿರಬೇಕು. ನಂಬರಿಲ್ಲದ ಹೆಸರು ಅಳಿಯುತ್ತದೆ. ಜೊತೆಗೆ ಹಳೆಯ ಕಸವೆಲ್ಲ ಗುಡಿಸಿಹೋಗಬೇಕು. ಊರ್ಮಿಳಕ್ಕನಿಗೆ ಇದು ಹಬ್ಬ. ಕಸದ ಪಟ್ಟಿಯನ್ನು ಅವರೇ ಮಾಡಿದರು. ಅದರಲ್ಲಿ ಏಳನೆಯ ಸಾಲು: ಸ್ಟೋರ್ಸಿನ ಸೊನ್ನೆ ಸಂಖ್ಯೆಯ ದಾಖಲೆಗಳು, ಮೂರು ಸಾವಿರದ ನೂರ ನಲವತ್ತೆರಡು. ಅಳಿಸಬೇಕು, ಮುಂದೆ ಸೊನ್ನೆಯನ್ನು ಸಾಫ್ಟ್‌ವೇರ್ ತೆಗೆದುಕೊಳ್ಳಲೇ ಬಾರದು. ಕೆಳಗೆ ಅವರ ಸಹಿ, ಅದರ ಕೆಳಗೆ ನನ್ನದು. ಅಳಿಸುವ ದಿನ, 2015ರ ಜೂನ್ ಆರು, ಶನಿವಾರ.

ಹೆಸರುಗಳ ಪಟ್ಟಿಯಲ್ಲಿ ಮಾತ್ರ ಒಂದು ಸಾಲು ಖಾಲಿ ಇತ್ತು. ಇನ್ನೂರ ಹನ್ನೊಂದು ಹೆಸರಿನ ಮುಂದೆ ನೌಕರನ ನಂಬರು, ವಿಷ್ಣುಮೂರ್ತಿಯವರ ಮುಂದೆ ಏನೂ ಇಲ್ಲ. ಊರ್ಮಿಳಕ್ಕನಿಗೆ ಫೋನು ಮಾಡಿ ಕೇಳಿದರೆ, "ನೋಡ್ತಿದ್ದೇನೆ" ಎನ್ನುತ್ತಿದ್ದರು. ನೋಡುತ್ತಿದ್ದೇನೆ ಎಂಬ ಮಾತನ್ನು ಆ ಬಾಯಲ್ಲಿ ನಾನು ಹಿಂದೆಂದೂ ಕೇಳಿರಲಿಲ್ಲ.

ಮೇ ತಿಂಗಳ ಕೊನೆಗೆ ಯೂನಿಯನ್ನಿಗೂ ಕಂಪನಿಗೂ ಒಪ್ಪಂದವಾಯಿತು. ಸ್ಟೋರ್ಸಿನ ಕೆಲಸವನ್ನು ಭಿವಂಡಿಯ ಏಜೆನ್ಸಿಯೊಂದಕ್ಕೆ ಕೊಡುವುದು, ಅದರ ಜನ ಜುಲೈ ಒಂದರಿಂದ ಬರುವುದು. ಆದರೆ ಗುತ್ತಿಗೆಯವರಲ್ಲಿ ಹತ್ತು ವರ್ಷ ಸತತವಾಗಿ ಕೆಲಸ ಮಾಡಿದ ದಾಖಲೆ ಕಂಪನಿಯ ಸಾಫ್ಟ್‌ವೇರಿನಲ್ಲಿ ಇದ್ದವರನ್ನು ಕಾಯಂ ಮಾಡುವುದು. ಗುತ್ತಿಗೆದಾರರ ಕಾಗದ ಯಾವುದಕ್ಕೂ ಪ್ರಯೋಜನವಿಲ್ಲವೆಂದು ಯೂನಿಯನ್ನೇ ಹಟ ಹಿಡಿದು ಈ ಮಾತು ಹಾಕಿಸಿತ್ತು. ಪಟ್ಟಿ ಬಂತು. ಜಯಶೀಲನ ಹೆಸರಿರಲಿಲ್ಲ. ಕಾಗದದಲ್ಲಿ ಅವನದ್ದು ಎರಡು ವರ್ಷ, ಸಾಫ್ಟ್‌ವೇರಿನಲ್ಲಿ ಒಂದು ದಿನವೂ ಇಲ್ಲ. ಹನ್ನೊಂದು ವರ್ಷ ಅವನು ಇಳಿಸಿಕೊಂಡ ಪ್ರತಿ ಬೋಲ್ಟೂ ಸತ್ತವರೊಬ್ಬರ ಹೆಸರಿನಲ್ಲಿತ್ತು. ಅವನಿಗೆ ಆಗ ನಲವತ್ತೈದು. ಇಬ್ಬರು ಮಕ್ಕಳು ಶಾಲೆಯಲ್ಲಿ. ಮರಳಿ ಹೋಗಲು ಗಲ್ಲೆಯೂ ಉಳಿದಿರಲಿಲ್ಲ.

ಅವನು ಊರ್ಮಿಳಕ್ಕನ ಮೇಜಿನ ಬಳಿ ಬಂದು ನಿಂತ. ಜಗಳ ಮಾಡಲಿಲ್ಲ. "ಪಾಸ್‌ವರ್ಡ್ ಮುಂದಿನ ತಿಂಗಳು ಬದಲಿಸ್ಲಿಕ್ಕೆ ಬರ್ತದೆ. ಇನ್ನು ಬೇಡ ಅಲ್ವಾ ಅಕ್ಕ?" ಎಂದು ಕೇಳಿ ಹೋದ.

ಜೂನ್ ಐದು, ಶುಕ್ರವಾರ ಮಧ್ಯಾಹ್ನ, ಊರ್ಮಿಳಕ್ಕ ಐರೋಲಿಗೆ ಬಂದರು. ಫೋನಿನಲ್ಲಿ ಮುಗಿಯುವ ಮಾತಿಗೆ ಅವರು ಎಂದೂ ರೈಲು ಹತ್ತಿದವರಲ್ಲ. ಕಂಕುಳಲ್ಲಿ ಕೆಂಪು ರಿಜಿಸ್ಟರು. ನನ್ನ ಎದುರು ಕೂತು ನೀರು ಕುಡಿದರು.

"ನಾಳೆ ಅಳಿಸ್ಲಿಕ್ಕುಂಟಲ್ಲ ಮುರಾರಿ, ಏಳನೇ ಸಾಲು. ಅದನ್ನು ನಿಲ್ಲಿಸ್ಬೇಕು."

"ಅದು ಕಸ ಅಂತ ನೀವೇ ಬರೆದು ಕೊಟ್ಟದ್ದಲ್ವಾ?"

"ಹೌದು. ಕಸ ಅಲ್ಲ ಅದು. ಜಯಶೀಲನದ್ದು ಅಂತ ಹೇಳ್ಲಿಕ್ಕೆ ಅದೊಂದೇ ಇರುದು."

ಆಮೇಲೆ ಲಕೋಟೆಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಚೀಟಿ ಅಂಟಿಸಿದ ತಪ್ಪಿಗೆ ಎಷ್ಟು ಹುಡುಗಿಯರನ್ನು ಈ ಹೆಂಗಸು ನನ್ನ ಮುಂದೆ ನಿಲ್ಲಿಸಿಲ್ಲ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ತಗ್ಗಿಸಲಿಲ್ಲ. ನಾನು ಮುಗಿಸುವವರೆಗೆ ಕಾದು, "ಆಯ್ತಾ? ಇನ್ನು ಕೆಲ್ಸ ನೋಡುವ" ಎಂದರು.

ನೋಡಿದೆವು. ವಿಷ್ಣುಮೂರ್ತಿಯವರ ಲಾಗಿನ್ನಿನಲ್ಲಿ 2001ರಿಂದ 2004ರ ಜೂನ್ ಮೂವತ್ತರವರೆಗೆ ಒಂದೂ ಶ್ರೀ ಇಲ್ಲ. ಜುಲೈ ಒಂದರಿಂದ ದಿನಕ್ಕೊಂದು, ಯಾವಾಗಲೂ ಬೆಳಗಿನ ಮೊದಲ ಸಾಲು. ಗೇಟಿನ ಸೆಕ್ಯೂರಿಟಿಯವರು ಎಲ್ಲರ ಬರುವ ಹೋಗುವ ಹೊತ್ತನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಆ ಹಳೆಯ ಪುಸ್ತಕಗಳನ್ನು ತರಿಸಿದೆವು. ಜಯಶೀಲ ರಜೆ ಹಾಕಿದ ದಿನ ಬೇರೆ ಯಾರೋ ಮಾಲು ಏರಿಸಿದ್ದಾರೆ, ಶ್ರೀ ಇಲ್ಲ. 2009ರ ಮೇ ತಿಂಗಳಲ್ಲಿ ತಂಗಿಯ ಮದುವೆಗೆ ಊರಿಗೆ ಹೋದ ಹನ್ನೊಂದು ದಿನ ಇಲ್ಲ. ಬಂದ ದಿನದಿಂದ ಮತ್ತೆ ಇದೆ.

2005ರ ಜುಲೈ ಇಪ್ಪತ್ತಾರರ ಮಳೆ ಈ ಕಡೆಯವರಿಗೆ ಯಾರಿಗೂ ಮರೆತಿಲ್ಲ. ರೈಲು ನಿಂತು, ಅರ್ಧ ಕಾರ್ಖಾನೆ ಅಲ್ಲೇ ಉಳಿಯಿತು. ಇಪ್ಪತ್ತೇಳಕ್ಕೆ ಲಾರಿಯೇನು, ಸೈಕಲ್ಲೂ ಬರುವಂತಿರಲಿಲ್ಲ. ಆ ದಿನ ಇಡೀ ಕಂಪನಿಯಲ್ಲಿ ಯಾರೂ ಏನೂ ಏರಿಸಿಲ್ಲ, ಒಂದು ಸಾಲಿನ ಹೊರತು. ಬೆಳಿಗ್ಗೆ ಏಳು ಐವತ್ತೆರಡು, ಶ್ರೀ, ಸೊನ್ನೆ. ಜಯಶೀಲ ಒಳಬಂದದ್ದು ಇಪ್ಪತ್ತಾರರ ಬೆಳಿಗ್ಗೆ, ಹೊರಗೆ ಹೋದದ್ದು ಇಪ್ಪತ್ತೆಂಟಕ್ಕೆ ಎಂದು ಗೇಟಿನ ಪುಸ್ತಕ ಹೇಳಿತು. ನಾನು ಆ ಸಾಲನ್ನು ಎರಡು ಸಲ ಓದಿದೆ. ನನ್ನ ಸಿಟ್ಟು ಆಗ ಇಳಿಯಿತು.

ಉಳಿದದ್ದು ಒಂದು ಪ್ರಶ್ನೆ. ಸೊನ್ನೆಯ ಸಾಲುಗಳು ಅವನವೆಂದು ಸಾಧಿಸಿದರೆ, ಪಾಸ್‌ವರ್ಡ್ ಅವನಿಗೆ ಯಾರು ಕೊಟ್ಟರು ಎಂದು ನೌಕರಿ ವಿಭಾಗ ಕೇಳಿಯೇ ಕೇಳುತ್ತದೆ. ಪಾಸ್‌ವರ್ಡ್ ಹಂಚಿದವರಿಗೆ ಶಿಕ್ಷೆಯ ನಿಯಮ ಬರೆದವನು ನಾನೇ.

"ವಿಷ್ಣುಮೂರ್ತಿಯವರು ಹೋಗಿ ನಾಲ್ಕು ವರ್ಷ ಆಯ್ತು. ಅವರೇ ಹೇಳಿಕೊಟ್ಟು ಹೋದದ್ದು ಅಂತ ಬರೀರಿ. ಅವರಿಗಿನ್ನು ಮೆಮೊ ಕೊಡುವವರು ಯಾರು?" ಎಂದೆ. ಹೌದು, ನಾನೇ ಅಂದದ್ದು.

"ಮುಚ್ಚಿ ಅಂತ ಲಕೋಟೆ ಕೊಟ್ಟವರು ಅವರು. ಮುಚ್ಚದವಳು ನಾನು. ಸತ್ತವರ ತಲೆಗೆ ಕಟ್ಟುದು ಬೇಡ."

"ಹಾಗಾದ್ರೆ ಒಂದೇ ಸಲ ಕೊಟ್ಟೆ, ಲಾರಿ ನಿಂತಿತ್ತು ಅಂತ ಬರೀರಿ. ಒಂದು ಸಲಕ್ಕೆ ಎಚ್ಚರಿಕೆ ಕೊಟ್ಟು ಬಿಡ್ತಾರೆ."

ಊರ್ಮಿಳಕ್ಕ ರಿಜಿಸ್ಟರಿನ ಕೊನೆಯ ಪುಟ ತೆರೆದು ನನ್ನ ಕಡೆ ತಿರುಗಿಸಿದರು. ಅಲ್ಲಿ ಸಣ್ಣ ಅಕ್ಷರದಲ್ಲಿ ತಾರೀಕುಗಳು, ಒಂದರ ಕೆಳಗೊಂದು. ಪ್ರತಿಯೊಂದರ ಮುಂದೆ ಅವರ ಸಹಿ. ತಪ್ಪು ಮಾಡುವಾಗಲೂ ದಾಖಲೆ ಇಟ್ಟಿದ್ದರು.

"ನಲವತ್ತನಾಲ್ಕು ಸಲ. ಒಂದು ಅಂತ ಹೇಳಿದ್ರೆ ಉಳಿದ ನಲವತ್ತಮೂರು ಸಲ ಅವನೇ ಕದ್ದ ಅಂತ ಆಗ್ತದೆ. ಕಳ್ಳನನ್ನು ಕಾಯಂ ಮಾಡ್ತಾರಾ?"

ನಾನು ಏಳನೇ ಸಾಲನ್ನು ಕಸದ ಪಟ್ಟಿಯಿಂದ ಹೊಡೆದುಹಾಕಿ ಸಹಿ ಮಾಡಿದೆ.

ಮರುವಾರ ನೌಕರಿ ವಿಭಾಗದ ದಾಮ್ಲೆಯವರ ಕೋಣೆಯಲ್ಲಿ ಸಭೆ. ದಾಮ್ಲೆ ಕೆಟ್ಟವರಲ್ಲ. ಶ್ರೀ ಬರೆಯುವ ಪದ್ಧತಿ ಅವರಿಗೂ ಗೊತ್ತು, ಅವರ ಅಜ್ಜನೂ ಬರೆಯುತ್ತಿದ್ದರಂತೆ. ಸೊನ್ನೆಯ ಸಾಲು, ಗೇಟಿನ ಪುಸ್ತಕ, ರಜೆಯ ದಿನ ಎಲ್ಲವನ್ನೂ ಒಂದು ಗಂಟೆ ತಾಳೆ ನೋಡಿ ಒಪ್ಪಿಕೊಂಡರು. ಆಮೇಲೆ ಕನ್ನಡಕ ತೆಗೆದು ಕೇಳಿದರು, "ಪಾಸ್‌ವರ್ಡ್ ಕೋಣೀ ದಿಲಾ?"

"ಮೀ ದಿಲಾ. ನಾನೇ ಕೊಟ್ಟದ್ದು" ಎಂದರು ಊರ್ಮಿಳಕ್ಕ.

"ಕಿತೀ ವೇಳಾ?"

ಎಷ್ಟು ಸಲ ಎಂದು ಕೇಳುವಾಗ ದಾಮ್ಲೆ ನನ್ನ ಮುಖ ನೋಡುತ್ತಿದ್ದರು. ಒಂದು ಎನ್ನಲಿ ಎಂಬ ಆಸೆ ಅವರಿಗೂ ಇತ್ತೆಂದು ನನಗೆ ಇವತ್ತಿಗೂ ಅನಿಸುತ್ತದೆ.

"ಚವ್ವೇಚಾಳೀಸ್", ನಲವತ್ತನಾಲ್ಕು, ಎಂದು ಊರ್ಮಿಳಕ್ಕ ರಿಜಿಸ್ಟರನ್ನು ಮೇಜಿನ ಮೇಲಿಟ್ಟರು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಮಾತು ಸುಳ್ಳಲ್ಲ. ಜಯಶೀಲನಿಗೆ ಕಾಯಂ ಆದ ಪತ್ರ ಜೂನ್ ಹದಿನೈದಕ್ಕೆ ಬಂತು. ಅದೇ ದಿನ ಊರ್ಮಿಳಕ್ಕನಿಗೆ ಬೇರೆ ಪತ್ರ: ಹದಿನೈದು ದಿನ ಅಮಾನತು, ಲಾಗಿನ್ ಕೊಡುವ ಅಧಿಕಾರ ಶಾಶ್ವತವಾಗಿ ರದ್ದು, ಜುಲೈ ಒಂದರಿಂದ ಗೇಟಿನಲ್ಲಿ ಸಂದರ್ಶಕರ ಮೇಜು. ಅದಕ್ಕೆ ಸಹಿ ಹಾಕಿದವನು ನಾನು. ನಿಯಮ ಸರಿಯಾಗಿತ್ತು. ನನಗೆ ಎರಡು ದಿನ ಊಟ ಸೇರಲಿಲ್ಲ, ಅದೂ ನಿಜ. ಪತ್ರ ಓದಿ ಅವರು ಕೇಳಿದ್ದು ಒಂದೇ: ವಿಷ್ಣುಮೂರ್ತಿಯವರ ಲಾಗಿನ್ನನ್ನು ತಾನೇ ಮುಚ್ಚಬಹುದೇ ಎಂದು. ಮುಚ್ಚಿದರು. ರಿಜಿಸ್ಟರಿನಲ್ಲಿ ತಾರೀಕು ಬರೆದು, ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟು, ಕೋಪರಿಗೆ ಹೋದರು.

ಜುಲೈ ಒಂದರ ಬೆಳಿಗ್ಗೆ ಸಿಂಗಲ್ ಸೈನ್ ಆನ್ ಸುರುವಾಯಿತು. ನಾನು ಸ್ಟೋರ್ಸಿನಲ್ಲಿ ಜಯಶೀಲನ ಬೆನ್ನ ಹಿಂದೆ ನಿಂತಿದ್ದೆ. ಅವನು ತನ್ನ ನಂಬರು ಹಾಕಿದ. ಪರದೆಯ ಮೂಲೆಯಲ್ಲಿ ಅವನ ಹೆಸರು ಬಂತು. ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಭ್ಯಾಸಬಲದಿಂದ ಶ್ರೀ ಎಂದು ಬರೆದು ಸೊನ್ನೆ ಒತ್ತಿದ. ಕೆಂಪು ಅಕ್ಷರದಲ್ಲಿ, ಸಂಖ್ಯೆ ಸೊನ್ನೆಗಿಂತ ಹೆಚ್ಚಿರಬೇಕು ಎಂದು ಬಂತು. ಮತ್ತೊಮ್ಮೆ ಒತ್ತಿದ, ಮತ್ತೆ ಅದೇ. ಹಳೆಯ ಸಾಲುಗಳನ್ನು ಉಳಿಸುವ ಗಡಿಬಿಡಿಯಲ್ಲಿ ಮುಂದಿನ ಸೊನ್ನೆಯನ್ನು ತಡೆಯಲು ಮೊದಲೇ ಸಾಫ್ಟ್‌ವೇರಿಗೆ ಸೇರಿಸಿದ್ದ ನಿಯಮ ಹಾಗೇ ಉಳಿದುಬಿಟ್ಟಿತ್ತು. "ಇನ್ನು ಅದು ಆಗುದಿಲ್ಲ ಜಯಶೀಲ" ಎಂದೆ.

ಅವನು ಕೈ ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಗೇಟಿನ ಕಡೆ ನಡೆದ. ನಾನೂ ಹಿಂದೆ ಹೋದೆ.

ಗೇಟಿನಲ್ಲಿ ಊರ್ಮಿಳಕ್ಕ ಹೊಸ ಮೇಜಿನ ಎದುರು ಕೂತಿದ್ದರು. ಹೊರಗಿನಿಂದ ಬರುವವರಿಗೆ ನಂಬರೂ ಇಲ್ಲ, ಲಾಗಿನ್ನೂ ಇಲ್ಲ, ಅವರದ್ದೆಲ್ಲ ಈಗಲೂ ಕಾಗದದ ರಿಜಿಸ್ಟರೇ.

"ಎಂತ? ಲಾಗಿನ್ ಆಗ್ಲಿಲ್ವಾ?"

"ಆಯ್ತು. ಸೊನ್ನೆ ತಗೊಳ್ಳುದಿಲ್ಲ ಅಕ್ಕ."

ಅವರು ನನ್ನ ಮುಖ ನೋಡಿದರು, ಆಮೇಲೆ ಅವನದ್ದು. "ಅದು ನಾನೇ ಹೇಳಿ ಮಾಡಿಸಿದ್ದು" ಎಂದರು. ರಿಜಿಸ್ಟರನ್ನು ಹತ್ತಿರ ಎಳೆದು, ಆ ದಿನದ ಖಾಲಿ ಪುಟದ ತಲೆಗೆ, ನಡುಮಧ್ಯದಲ್ಲಿ, ಕನ್ನಡದಲ್ಲಿ ಶ್ರೀ ಎಂದು ಬರೆದು ಅವನಿಗೆ ತೋರಿಸಿದರು.

"ಆಯ್ತಲ್ಲ? ಹೋಗು. ಲಾರಿ ನಿಂತುಂಟು."

ಅಂದಿನಿಂದ ಮೂರೂವರೆ ವರ್ಷ ಅದೇ ಕ್ರಮ. ಜಯಶೀಲ ಏಳು ಐವತ್ತಕ್ಕೆ ಗೇಟಿಗೆ ಬಂದು ಆ ಮೇಜಿನ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದ. ಅವರು ಹೊಸ ಪುಟಕ್ಕೆ ಶ್ರೀ ಬರೆಯುತ್ತಿದ್ದರು. ಅವನು ನೋಡಿ, ಒಳಗೆ ಹೋಗಿ, ತನ್ನ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದ. ಆ ರಿಜಿಸ್ಟರು ಆಡಿಟಿಗೆ ನನ್ನ ಮೂಲಕವೇ ಹೋಗುತ್ತಿತ್ತು. ಪುಟದ ತಲೆಯಲ್ಲಿ ಇದೇನು ಎಂದು ಯಾರೂ ಕೇಳಲಿಲ್ಲ, ನಾನೂ ಏನೂ ಬರೆಯಲಿಲ್ಲ.

2018ರ ಡಿಸೆಂಬರ್ ಮೂವತ್ತೊಂದಕ್ಕೆ ಊರ್ಮಿಳಕ್ಕ ನಿವೃತ್ತರಾದರು. ಕ್ಯಾಂಟೀನಿನಲ್ಲಿ ಸಮೋಸ, ವೇಫರ್, ಶಾಲು, ಗಡಿಯಾರ. ನಾನು ಮಾತಾಡಲು ಎದ್ದಾಗ, "ಮೊದಲು ನನ್ನ ಲಾಗಿನ್ ಮುಚ್ಚಿದ್ದುಂಟಾ?" ಎಂದು ಎಲ್ಲರ ಎದುರು ಕೇಳಿದರು. ಮುಚ್ಚಿರಲಿಲ್ಲ. ನಾನು ಅಲ್ಲಿಂದಲೇ ಮುಚ್ಚಿಸಬೇಕಾಯಿತು. ಅವರು ಕ್ಯಾಂಟೀನಿನ ಕಂಪ್ಯೂಟರಿನಲ್ಲಿ ತಮ್ಮ ನಂಬರು ಹಾಕಿ, ಈ ಹೆಸರಿನ ಬಳಕೆದಾರರು ಇಲ್ಲ ಎಂದು ಬಂದದ್ದನ್ನು ಓದಿ, ಸಮಾಧಾನವಾಗಿ ಸಮೋಸ ತಿಂದರು.

ಜನವರಿ ಒಂದರಂದು ಗೇಟಿನ ಮೇಜಿಗೆ ಹೊಸ ಹುಡುಗಿ ಬಂದಳು, ಪಕ್ಕದ ಕಳವಾ ಊರಿನವಳು. ಅವಳಿಗೆ ಕನ್ನಡ ಬರುವುದಿಲ್ಲ, ಜಯಶೀಲ ಯಾರೆಂದು ಗೊತ್ತಿಲ್ಲ. ಏಳು ಐವತ್ತಕ್ಕೆ ಅವನು ಮೇಜಿನ ಮುಂದೆ ನಿಂತಾಗ ಏನು ಬೇಕೆಂದು ಕೇಳಿದಳು. ಏನೂ ಬೇಡ ಎಂದ. ನಾನು ಅಂದು ಬೇಕೆಂದೇ ಬೇಗ ಬಂದಿದ್ದೆ. ಅವಳು ಮೊದಲ ಸಂದರ್ಶಕನ ಹೆಸರು ಬರೆಯಲು ರಿಜಿಸ್ಟರ್ ತೆರೆದಳು. ಪುಟದ ತಲೆಯಲ್ಲಿ ಶ್ರೀ ಇತ್ತು. ನಾನು ರಿಜಿಸ್ಟರ್ ತೆಗೆದುಕೊಂಡು ಮುಂದಿನ ಪುಟ ತಿರುವಿದೆ, ಅಲ್ಲೂ ಇತ್ತು. ಅದರ ಮುಂದಿನದ್ದರಲ್ಲೂ. ಖಾಲಿ ಪುಟ ನೂರ ಹದಿನೆಂಟು ಉಳಿದಿದ್ದವು, ಊರ್ಮಿಳಕ್ಕ ಕೊನೆಯದರವರೆಗೂ ಬರೆದಿಟ್ಟು ಹೋಗಿದ್ದರು. ಜಯಶೀಲ ಅಷ್ಟರಲ್ಲಿ ಆ ದಿನದ ಶ್ರೀಯನ್ನು ನೋಡಿ, ಒಳಗೆ ಹೋಗಿ ಲಾಗಿನ್ ಆಗಿದ್ದ.